ಒಂದೇ ಕೋಶದಿಂದ ಶುರು ಮಾಡಿ: ದೃಷ್ಟಿಯ ನರಕೋಶಕ್ಕೆ ಗಣಿತದ ಮಾದರಿ ಕಟ್ಟುವ ಬಗೆ

ಮಿದುಳು ಹೇಗೆ ನೋಡುತ್ತದೆ ಎಂಬುದನ್ನು ಲೆಕ್ಕದ ದಾರಿಯಿಂದ ಅರಿಯಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ ನಾನು ಹೇಳುವುದು ಒಂದೇ ಮಾತು: ಒಂದು ನರಕೋಶ ಹಿಡಿಯಿರಿ. ಇಡೀ ಮಿದುಳು ಬೇಡ, ಮುಖ ಗುರುತಿಸುವ ದೊಡ್ಡ ಕೃತಕ ನರಜಾಲ, ಅಂದರೆ ನೆಟ್‌ವರ್ಕೂ ಸದ್ಯಕ್ಕೆ ಬೇಡ. ಮಿದುಳಿನ ಹಿಂಬದಿಯಲ್ಲಿ, ಕಣ್ಣಿನಿಂದ ಹೊರಟ ಸುದ್ದಿ ಮಿದುಳಿನ ಹೊರಪದರವಾದ ಕಾರ್ಟೆಕ್ಸ್‌ನೊಳಗೆ ಮೊದಲು ಕಾಲಿಡುವ ವಿ1 ಎಂಬ ಜಾಗದ ಒಂದೇ ಒಂದು ಕೋಶ ಸಾಕು. ಅದಕ್ಕೊಂದು ಮಾದರಿ ಬರೆಯಿರಿ. ಮಾದರಿ ಹಿಂದೆಂದೂ ಕಾಣದ ಚಿತ್ರವನ್ನು ಅದರ ಮುಂದಿಟ್ಟು, ಕೋಶ ಎಷ್ಟು ಸ್ಪೈಕ್ (ಚುಟುಕಾದ ವಿದ್ಯುತ್ ಮಿಡಿತ) ಹೊರಡಿಸೀತು ಎಂದು ಮುಂಚಿತವಾಗಿ ಹೇಳಿಸಿ. ಹೇಳಿದ್ದು ಎಷ್ಟರಮಟ್ಟಿಗೆ ನಿಜವಾಯಿತು ಎಂದು ಅಳೆಯಿರಿ. ಇಷ್ಟನ್ನು ಪ್ರಾಮಾಣಿಕವಾಗಿ ಮಾಡಿ ಮುಗಿಸಿದವರು ಈ ಕ್ಷೇತ್ರದ ಸಂಶೋಧನಾ ಪ್ರಬಂಧಗಳನ್ನು ಓದಿ ತಾವೇ ತೂಗಿ ನೋಡಬಲ್ಲರು.

ನಾನು ಈ ಕಡೆ ಬಂದದ್ದು ರೇಡಿಯೊ ಸಿಗ್ನಲ್‌ಗಳ ಕೆಲಸದಿಂದ. ಅಲ್ಲಿ ಕಲಿತ ಫೋರಿಯರ್, ಫಿಲ್ಟರ್, ನಾಯ್ಸ್ ಇವೇ ಇಲ್ಲಿಯೂ ಕೈಹಿಡಿದವು. ನೀವು ಜೀವಶಾಸ್ತ್ರದ ಕಡೆಯಿಂದ ಬರುತ್ತಿದ್ದರೆ ಮ್ಯಾಟ್ರಿಕ್ಸ್ ಗುಣಾಕಾರ ಮತ್ತು ಸರಾಸರಿ, ವೇರಿಯನ್ಸ್, ಕೋರಿಲೇಶನ್ ಗೊತ್ತಿದ್ದರೆ ಆಯಿತು. ಸಾಧಾರಣ ಲ್ಯಾಪ್‌ಟಾಪ್, ಪೈಥಾನ್, ಅದರ ಜೊತೆಗೆ ನಂಪೈ, ಸೈಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಂಬ ಲೈಬ್ರರಿಗಳು ಸಾಕು. ಲ್ಯಾಬ್ ಬೇಕಿಲ್ಲ.

ದತ್ತಾಂಶ ಎಲ್ಲಿಂದ, ಯಾವುದು

ಅಮೆರಿಕದ ಸಂಶೋಧನಾ ಸಂಸ್ಥೆಯಾದ ಅಲೆನ್ ಇನ್‌ಸ್ಟಿಟ್ಯೂಟ್ ಇಲಿಗಳ ದೃಷ್ಟಿ ಪ್ರದೇಶಗಳಿಂದ ದಾಖಲಿಸಿದ ದೊಡ್ಡ ದತ್ತಾಂಶವನ್ನು ಎಲ್ಲರಿಗೂ ಮುಕ್ತವಾಗಿಟ್ಟಿದೆ. ಅದರಲ್ಲಿ ಎರಡು ಬಗೆ. ಒಂದು ಕ್ಯಾಲ್ಸಿಯಂ ಇಮೇಜಿಂಗ್‌ನಿಂದ ಬಂದದ್ದು, ಇನ್ನೊಂದು ನ್ಯೂರೋಪಿಕ್ಸೆಲ್ಸ್ ಎಂಬ ಸೂಕ್ಷ್ಮ ಎಲೆಕ್ಟ್ರೋಡ್‌ಗಳಿಂದ ಬಂದದ್ದು. ಮೊದಲ ಸಲಕ್ಕೆ ನ್ಯೂರೋಪಿಕ್ಸೆಲ್ಸ್ ಆರಿಸಿಕೊಳ್ಳಿ. ಕ್ಯಾಲ್ಸಿಯಂ ಇಮೇಜಿಂಗ್‌ನಲ್ಲಿ ಕಾಣುವುದು ಸ್ಪೈಕ್ ಅಲ್ಲ, ಸ್ಪೈಕ್ ಆದ ಮೇಲೆ ನಿಧಾನವಾಗಿ ಏರಿ ಇಳಿಯುವ ಹೊಳಪು. ಅದನ್ನು ಬಿಡಿಸಿ ಸ್ಪೈಕ್ ಊಹಿಸುವುದೇ ಒಂದು ಪ್ರತ್ಯೇಕ ಸಮಸ್ಯೆ. ನ್ಯೂರೋಪಿಕ್ಸೆಲ್ಸ್ ಒಂದು ಸೂಜಿಯ ಮೇಲೆ 384 ಚಾನೆಲ್‌ಗಳಿಂದ ಏಕಕಾಲಕ್ಕೆ ಓದುತ್ತದೆ, ಸ್ಪೈಕ್ ಆದ ಗಳಿಗೆ ಮಿಲಿಸೆಕೆಂಡಿಗೂ ಕಡಿಮೆ ತಪ್ಪಿನಲ್ಲಿ ಸಿಗುತ್ತದೆ.

ಸೆಷನ್ (ಒಂದು ಇಲಿಯಿಂದ ಒಂದು ಸಲಕ್ಕೆ ಮಾಡಿದ ದಾಖಲೆ) ಆರಿಸುವಾಗ ‘ಬ್ರೈನ್ ಅಬ್ಸರ್ವೇಟರಿ 1.1’ ಎಂದು ಗುರುತಿಸಿದ್ದನ್ನೇ ತೆಗೆದುಕೊಳ್ಳಿ. ಅದರಲ್ಲಿ ನಮಗೆ ಬೇಕಾದ ಮೂರೂ ಸಿಗುತ್ತವೆ: ಕೋಶ ಪರದೆಯ ಯಾವ ಭಾಗವನ್ನು ನೋಡುತ್ತದೆ ಎಂದು ತಿಳಿಯಲು 9×9 ಜಾಲದಲ್ಲಿ ಒಂದೊಂದಾಗಿ ತೋರಿಸಿದ ಸಣ್ಣ ಪಟ್ಟೆಗಳ ತೇಪೆಗಳು, 6 ಕೋನ, 5 ದಪ್ಪ, 4 ಫೇಸ್‌ಗಳ (ಪಟ್ಟೆ ಎಷ್ಟು ಸರಿದು ನಿಂತಿದೆ ಎಂಬುದು) ಸ್ಥಿರ ಪಟ್ಟೆಗಳು, ಮತ್ತು 118 ನೈಸರ್ಗಿಕ ಚಿತ್ರಗಳು, ಪ್ರತಿಯೊಂದೂ 250 ಮಿಲಿಸೆಕೆಂಡು, ಪ್ರತಿಯೊಂದೂ 50 ಸಲ. ಈ ಕೊನೆಯ ಸಂಖ್ಯೆ ಬಹಳ ಮುಖ್ಯ. ಒಂದೇ ಚಿತ್ರವನ್ನು ಮತ್ತೆಮತ್ತೆ ತೋರಿಸದ ದತ್ತಾಂಶದಿಂದ ಮಾದರಿ ಕಟ್ಟಬಹುದು, ಆದರೆ ಆ ಮಾದರಿ ಎಷ್ಟು ಒಳ್ಳೆಯದು ಎಂದು ಹೇಳುವುದು ತುಂಬ ಕಷ್ಟ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಈ ದತ್ತಾಂಶದ ಹಿಂದೆ ಜೀವಂತ ಪ್ರಾಣಿಗಳಿವೆ. ಒಂದು ಸಲ ದಾಖಲಿಸಿದ್ದನ್ನು ನೂರಾರು ಜನ ಎಚ್ಚರಿಕೆಯಿಂದ ಬಳಸಿದರೆ ಅದೇ ಪ್ರಯೋಗವನ್ನು ಇನ್ನೊಬ್ಬರು ಮತ್ತೆ ಮಾಡುವ ಅಗತ್ಯ ತಪ್ಪುತ್ತದೆ. ಆದ್ದರಿಂದ ಅವಸರದ ಲೆಕ್ಕ ಇಲ್ಲಿ ಸಲ್ಲದು.

ಮೊದಲು ಕಣ್ಣಿನಿಂದ ನೋಡಿ

ಕೋಶ ಆರಿಸುವ ಮುನ್ನ ರಾಸ್ಟರ್ ಚಿತ್ರ ಬರೆಯಿರಿ. ಒಂದು ಚಿತ್ರದ 50 ಪ್ರದರ್ಶನಗಳು 50 ಸಾಲು, ಪ್ರತಿ ಸ್ಪೈಕ್‌ಗೆ ಒಂದು ಚುಕ್ಕಿ. ಹತ್ತಾರು ಕೋಶಗಳಿಗೆ ಇದನ್ನು ಮಾಡಿ, ಸುಮ್ಮನೆ ನೋಡುತ್ತ ಕೂರಿ. ಈ ಗಂಟೆ ವ್ಯರ್ಥವಲ್ಲ. ಕೆಲವು ಕೋಶಗಳಲ್ಲಿ ಚಿತ್ರ ಬಂದ ಸ್ವಲ್ಪ ಹೊತ್ತಿಗೆ ಚುಕ್ಕಿಗಳು ದಟ್ಟವಾಗಿ ಕಂಬದಂತೆ ನಿಲ್ಲುತ್ತವೆ. ಕೆಲವು ಏನು ತೋರಿಸಿದರೂ ಒಂದೇ ತೆರನಾಗಿ ಚದುರಿರುತ್ತವೆ. ಇನ್ನು ಕೆಲವು ಅರ್ಧ ಸೆಷನ್‌ವರೆಗೆ ಚುರುಕಾಗಿದ್ದು ಆಮೇಲೆ ಮಂಕಾಗುತ್ತವೆ. ಎಲೆಕ್ಟ್ರೋಡ್ ತುಸು ಸರಿದಿರಬಹುದು. ಈ ಕೊನೆಯ ಬಗೆಯವನ್ನು ಬಿಟ್ಟುಬಿಡಿ.

ಎಣಿಕೆಯ ಕಿಟಕಿ ಚಿತ್ರ ಬಂದ ಕ್ಷಣದಿಂದಲೇ ಶುರುವಾಗಬಾರದು. ಕಣ್ಣಿನ ಹಿಂಪರದೆಯಾದ ರೆಟಿನಾ, ಅಲ್ಲಿಂದ ಮಿದುಳಿನ ನಡುವಿನ ಥಾಲಮಸ್, ಅಲ್ಲಿಂದ ವಿ1 ತಲುಪಲು ಇಲಿಯಲ್ಲಿ ಸುಮಾರು 40-50 ಮಿಲಿಸೆಕೆಂಡು ಬೇಕು. ನಾನು 50ರಿಂದ 300 ಮಿಲಿಸೆಕೆಂಡುವರೆಗೆ ಎಣಿಸುತ್ತೇನೆ. ಹೀಗೆ ಪ್ರತಿ ಕೋಶಕ್ಕೆ 118 ಸಾಲು, 50 ಕಂಬಗಳ ಒಂದು ಕೋಷ್ಟಕ ಸಿಗುತ್ತದೆ. ಮುಂದಿನ ಕೆಲಸವೆಲ್ಲ ಈ ಕೋಷ್ಟಕದ ಮೇಲೆಯೇ.

ಕೋಶ ತಾನೇ ತನ್ನನ್ನು ಎಷ್ಟು ಹೋಲುತ್ತದೆ

ಈ ಬರಹದಲ್ಲಿ ಒಂದೇ ಭಾಗ ಓದಲು ಸಮಯವಿದೆ ಎನ್ನುವವರು ಇದನ್ನು ಓದಿ.

ಒಂದೇ ಚಿತ್ರವನ್ನು ಎರಡು ಸಲ ತೋರಿಸಿದರೆ ಕೋಶ ಎರಡು ಬೇರೆ ಉತ್ತರ ಕೊಡುತ್ತದೆ. ಕಾರ್ಟೆಕ್ಸ್‌ನ ಕೋಶಗಳಲ್ಲಿ ಸ್ಪೈಕ್ ಎಣಿಕೆಯ ವೇರಿಯನ್ಸ್ ಸುಮಾರಾಗಿ ಸರಾಸರಿಯಷ್ಟೇ ಇರುತ್ತದೆ, ಎಷ್ಟೋ ಸಲ ಅದಕ್ಕಿಂತ ಹೆಚ್ಚು. ಸರಾಸರಿ 4 ಸ್ಪೈಕ್ ಕೊಡುವ ಚಿತ್ರಕ್ಕೆ ವೇರಿಯನ್ಸ್ 4 ಎಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್ 2. ಒಂದು ಸಲ 2 ಬರಬಹುದು, ಮತ್ತೊಂದು ಸಲ 6. ಐವತ್ತು ಸಲದ ಸರಾಸರಿ ತೆಗೆದಾಗಲೂ ಸುಮಾರು 0.28ರಷ್ಟು ಅಲುಗಾಟ ಉಳಿದೇ ಇರುತ್ತದೆ.

ಹಾಗಾದರೆ ಪರಿಪೂರ್ಣವಾದ ಮಾದರಿಯೂ ದತ್ತಾಂಶಕ್ಕೆ ಪೂರ್ತಿ ಹೊಂದಲಾರದು. ಎಷ್ಟರವರೆಗೆ ಹೊಂದಬಲ್ಲದು? ಈ ಮಿತಿಗೆ ನಾಯ್ಸ್ ಸೀಲಿಂಗ್ ಎನ್ನುತ್ತಾರೆ. ಲೆಕ್ಕ ಹೀಗೆ. 50 ಪ್ರದರ್ಶನಗಳನ್ನು ಯಾದೃಚ್ಛಿಕವಾಗಿ 25-25ರ ಎರಡು ಗುಂಪು ಮಾಡಿ. ಪ್ರತಿ ಗುಂಪಿನಲ್ಲೂ 118 ಚಿತ್ರಗಳ ಸರಾಸರಿ ತೆಗೆಯಿರಿ. ಎರಡು ಪಟ್ಟಿಗಳ ನಡುವಿನ ಕೋರಿಲೇಶನ್ ನೋಡಿ. ಬೇರೆ ಬೇರೆ ವಿಂಗಡಣೆಯಲ್ಲಿ ನೂರು ಸಲ ಮಾಡಿ ಸರಾಸರಿ ಹಿಡಿಯಿರಿ. ಅದು 0.6 ಬಂತು ಎನ್ನೋಣ. ಇದು 25ರ ಸರಾಸರಿಗಳ ನಡುವಿನ ಹೋಲಿಕೆ, ನಮಗೆ ಬೇಕಾದದ್ದು 50ರದ್ದು. ಸ್ಪಿಯರ್ಮನ್-ಬ್ರೌನ್ ಸೂತ್ರದಂತೆ, 0.6ರ ಎರಡರಷ್ಟನ್ನು 1.6ರಿಂದ ಭಾಗಿಸಿದರೆ 0.75. ಇದರ ವರ್ಗಮೂಲ ಸುಮಾರು 0.87. ಅಂದರೆ ಕೋಶದ ನಿಜವಾದ ಸರಾಸರಿಯನ್ನು ದೇವರೇ ಬಂದು ಹೇಳಿದರೂ, ಅದು ನಿಮ್ಮ ಕೈಯಲ್ಲಿರುವ 50ರ ಸರಾಸರಿಗೆ 0.87ರಷ್ಟೇ ಹೊಂದುತ್ತದೆ.

ನಿಮ್ಮ ಮಾದರಿ ನಾಳೆ 0.52 ಗಳಿಸಿತು ಎಂದುಕೊಳ್ಳಿ. ಬರಿಯ 0.52 ಎಂದರೆ ಏನೂ ತಿಳಿಯುವುದಿಲ್ಲ. 0.87ರಲ್ಲಿ 0.52 ಎಂದಾಗ, ಗಳಿಸಬಹುದಾಗಿದ್ದ 0.87ರಲ್ಲಿ ಶೇ. 60ರಷ್ಟು ಗಳಿಸಿದೆ ಎಂದು ಗೊತ್ತಾಗುತ್ತದೆ. ವೇರಿಯನ್ಸ್ ಲೆಕ್ಕದಲ್ಲಾದರೆ ಇದರ ವರ್ಗ, ಅಂದರೆ ಸುಮಾರು ಶೇ. 36. ಪ್ರಬಂಧ ಓದುವಾಗ ಯಾವುದನ್ನು ಹೇಳುತ್ತಿದ್ದಾರೆ ಎಂದು ಗಮನಿಸಿ. ಒಂದೇ ಫಲಿತಾಂಶ 60 ಎಂದೂ ಕಾಣಬಹುದು, 36 ಎಂದೂ ಕಾಣಬಹುದು. ಸೀಲಿಂಗ್ ಹೇಳದೆ ‘ನಮ್ಮ ಮಾದರಿ ಇಷ್ಟು ಸರಿ’ ಎನ್ನುವ ಪ್ರಬಂಧ ಕಂಡರೆ ನಾನು ಅಲ್ಲಿಗೇ ನಿಂತು, ಅವರ ದತ್ತಾಂಶ ಮುಕ್ತವಾಗಿದೆಯೇ ಎಂದು ಹುಡುಕುತ್ತೇನೆ.

ಅರ್ಧಾರ್ಧದ ಕೋರಿಲೇಶನ್ 0.3ಕ್ಕಿಂತ ಕೆಳಗಿದ್ದರೆ ಆ ಕೋಶವನ್ನು ಮೊದಲ ಪ್ರಯತ್ನಕ್ಕೆ ತೆಗೆದುಕೊಳ್ಳಬೇಡಿ. ಆದರೆ ಹೀಗೆ ಬಿಟ್ಟ ಕೋಶಗಳೆಷ್ಟು ಎಂದು ಬರೆದಿಡಿ. ಬಿಟ್ಟದ್ದರ ಲೆಕ್ಕವೂ ಫಲಿತಾಂಶದ ಭಾಗವೇ.

ಕೋಶಕ್ಕೆ ಏನು ಬೇಕು

1938ರಲ್ಲಿ ಹಾರ್ಟ್‌ಲೈನ್ ಕಪ್ಪೆಯ ಕಣ್ಣಿನ ಒಂದೊಂದೇ ನರತಂತುವಿನಿಂದ ಸಂಕೇತ ಹಿಡಿದು, ಪ್ರತಿ ತಂತುವೂ ನೋಟದ ಒಂದು ಸಣ್ಣ ತುಣುಕಿಗೆ ಮಾತ್ರ ಸ್ಪಂದಿಸುತ್ತದೆ ಎಂದು ತೋರಿಸಿದರು. ಈ ತುಣುಕೇ ರಿಸೆಪ್ಟಿವ್ ಫೀಲ್ಡ್. 1953ರಲ್ಲಿ ಕಫ್ಲರ್ ಬೆಕ್ಕಿನ ರೆಟಿನಾದಲ್ಲಿ ಈ ತುಣುಕಿಗೆ ಒಂದು ನಡು, ಅದಕ್ಕೆ ವಿರುದ್ಧವಾದ ಒಂದು ಸುತ್ತು ಇರುವುದನ್ನು ಕಂಡರು. ನಡುವಿಗೆ ಬೆಳಕು ಬಿದ್ದರೆ ಕೋಶ ಚುರುಕಾಗುತ್ತದೆ, ಸುತ್ತಲಿಗೆ ಬಿದ್ದರೆ ತಣ್ಣಗಾಗುತ್ತದೆ, ಅಥವಾ ಇದರ ತದ್ವಿರುದ್ಧ. ಒಂದು ಅಗಲದ ಗಾಸಿಯನ್‌ನಿಂದ (ಗಂಟೆಯಾಕಾರದ ಗುಡ್ಡ) ಇನ್ನೊಂದನ್ನು ಕಳೆದರೆ ಈ ಆಕಾರ ಬರುತ್ತದೆ ಎಂದು 1965ರಲ್ಲಿ ರೋಡಿಕ್ ಬರೆದರು. ಇಂಥ ಕೋಶಕ್ಕೆ ಸಮನಾದ ಬೆಳಕಿನಲ್ಲಿ ಆಸಕ್ತಿಯಿಲ್ಲ, ವ್ಯತ್ಯಾಸದಲ್ಲಿದೆ. ಮನುಷ್ಯನ ಒಂದು ಕಣ್ಣಿನಲ್ಲಿ ಬೆಳಕು ಹಿಡಿಯುವ ಕೋಶಗಳು ಸುಮಾರು 12 ಕೋಟಿಗೂ ಹೆಚ್ಚು, ಮಿದುಳಿಗೆ ಹೋಗುವ ತಂತುಗಳು ಸುಮಾರು 10 ಲಕ್ಷ. ಬೇಡದ್ದನ್ನು ಕಣ್ಣಿನಲ್ಲಿಯೇ ಕಳೆಯದಿದ್ದರೆ ಇದು ಆಗುವ ಮಾತಲ್ಲ.

ವಿ1ಕ್ಕೆ ಬಂದಾಗ ಚಿತ್ರ ಬದಲಾಗುತ್ತದೆ. ಹ್ಯೂಬೆಲ್ ಮತ್ತು ವೀಸೆಲ್ 1959ರಲ್ಲಿ ಪ್ರಕಟಿಸಿದ ಕೆಲಸದಲ್ಲಿ, ಬೆಕ್ಕಿನ ವಿ1 ಕೋಶಗಳು ಚುಕ್ಕಿಗಿಂತ ಗೆರೆಗೆ, ಅದರಲ್ಲೂ ನಿರ್ದಿಷ್ಟ ಕೋನದ ಗೆರೆಗೆ ಉತ್ತರಿಸುತ್ತವೆ ಎಂದು ತೋರಿಸಿದರು. ಮುಂದೆ ಈ ಕೋಶಗಳನ್ನು ಸರಳ, ಸಂಕೀರ್ಣ ಎಂದು ಎರಡಾಗಿ ವಿಂಗಡಿಸಿದರು. ಸರಳ ಕೋಶಕ್ಕೆ ಗೆರೆ ಸರಿಯಾದ ಕೋನದಲ್ಲಿರಬೇಕು, ಸರಿಯಾದ ಜಾಗದಲ್ಲೂ ಇರಬೇಕು. ಸಂಕೀರ್ಣ ಕೋಶಕ್ಕೆ ಕೋನ ಸರಿಯಿದ್ದರೆ ಸಾಕು, ಗೆರೆ ತುಸು ಅತ್ತಿತ್ತ ಸರಿದರೂ ನಡೆಯುತ್ತದೆ.

ನಿಮ್ಮ ಕೋಶ ಯಾವ ಬಗೆ? ಸ್ಥಿರ ಪಟ್ಟೆಗಳ ಉತ್ತರವನ್ನು ಕೋನದ ಮೇಲೆ ಹರಡಿ ನೋಡಿ, ಒಂದು ಕೋನದಲ್ಲಿ ಗುಡ್ಡ ಎದ್ದಿರಬೇಕು. ಆ ಕೋನದಲ್ಲಿ, ಅತ್ಯುತ್ತಮ ದಪ್ಪದಲ್ಲಿ, ನಾಲ್ಕು ಫೇಸ್‌ಗಳ ಉತ್ತರ ಹೋಲಿಸಿ. ಒಂದಕ್ಕೆ ಜೋರು, ಅದರ ವಿರುದ್ಧ ಫೇಸ್‌ಗೆ ಸೊನ್ನೆಯ ಹತ್ತಿರ ಎಂದಾದರೆ ಸರಳದ ಕಡೆ. ನಾಲ್ಕಕ್ಕೂ ಹತ್ತಿರಹತ್ತಿರ ಎಂದಾದರೆ ಸಂಕೀರ್ಣದ ಕಡೆ. ಚಲಿಸುವ ಪಟ್ಟೆಗಳಿಂದಲೂ ಪರೀಕ್ಷಿಸಬಹುದು: ಪಟ್ಟೆ ಸಾಗುವ ಲಯಕ್ಕೆ ತಕ್ಕಂತೆ ಏರಿಳಿಯುವ ಭಾಗವನ್ನು ಸರಾಸರಿ ಏರಿಕೆಯಿಂದ ಭಾಗಿಸಿ, 1ಕ್ಕಿಂತ ಹೆಚ್ಚಾದರೆ ಸರಳ ಎನ್ನುವುದು ರೂಢಿ. ಬಹಳಷ್ಟು ಕೋಶಗಳು ಈ ಎರಡರ ನಡುವೆ ಎಲ್ಲೋ ನಿಲ್ಲುತ್ತವೆ. ಅದರಿಂದ ಕಂಗೆಡಬೇಡಿ.

ಚಿತ್ರಗಳನ್ನು ಇಲಿಯ ಕಣ್ಣಿಗೆ ತಕ್ಕಂತೆ ಇಳಿಸಿ

ನೈಸರ್ಗಿಕ ಚಿತ್ರಗಳು 1174×918 ಪಿಕ್ಸೆಲ್‌ನವು, ಪರದೆ ಇಲಿಯ ನೋಟದಲ್ಲಿ ಸುಮಾರು 120×95 ಡಿಗ್ರಿ ತುಂಬುತ್ತದೆ. ಅಂದರೆ ಡಿಗ್ರಿಗೆ ಹತ್ತು ಪಿಕ್ಸೆಲ್ ಹತ್ತಿರ. ಇಲಿಗೆ ಡಿಗ್ರಿಗೆ ಅರ್ಧ ಆವರ್ತಕ್ಕಿಂತ (ಒಂದು ಕಪ್ಪು, ಒಂದು ಬಿಳಿ ಪಟ್ಟೆ ಸೇರಿ ಒಂದು ಆವರ್ತ) ಸೂಕ್ಷ್ಮವಾದ ಪಟ್ಟೆ ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಹಾಗಾಗಿ ಡಿಗ್ರಿಗೆ ಎರಡು ಪಿಕ್ಸೆಲ್ ಧಾರಾಳ ಸಾಕು. ಐದರಲ್ಲಿ ಒಂದಕ್ಕೆ ಇಳಿಸಿದರೆ 235×184 ಆಗುತ್ತದೆ. ಇಳಿಸುವ ಮುನ್ನ ಚಿತ್ರವನ್ನು ಮಸುಕುಗೊಳಿಸಲೇಬೇಕು. ಇಲ್ಲದಿದ್ದರೆ ಸೂಕ್ಷ್ಮ ವಿವರಗಳು ಸುಳ್ಳು ದಪ್ಪಪಟ್ಟೆಗಳಾಗಿ ವೇಷ ಮರೆಸಿಕೊಂಡು ಬರುತ್ತವೆ, ನಿಮ್ಮ ಫಿಲ್ಟರ್ ಅವಕ್ಕೂ ಉತ್ತರ ಕೊಡುತ್ತದೆ. ಆಮೇಲೆ ಬೂದು ಮಟ್ಟವನ್ನು -1ರಿಂದ 1ರವರೆಗೆ ಹೊಂದಿಸಿ.

ಮೂರು ಮೆಟ್ಟಿಲಿನ ಮಾದರಿ

ಮೊದಲ ಮೆಟ್ಟಿಲು ಗೇಬರ್ ಫಿಲ್ಟರ್. ಒಂದು ಸೈನ್ ಅಲೆಯನ್ನು ಗಾಸಿಯನ್ ಗುಡ್ಡದಿಂದ ಗುಣಿಸಿದರೆ, ನಡುವಿನಲ್ಲಿ ಕೆಲವೇ ಪಟ್ಟೆಗಳಿದ್ದು ಅಂಚಿನಲ್ಲಿ ಮಾಯವಾಗುವ ತೇಪೆ ಬರುತ್ತದೆ. ಡೆನಿಸ್ ಗೇಬರ್ 1946ರಲ್ಲಿ ಇದನ್ನು ಸಂವಹನ ಸಿದ್ಧಾಂತಕ್ಕಾಗಿ ಬರೆದದ್ದು: ಕಾಲ ಮತ್ತು ಆವರ್ತನ ಎರಡನ್ನೂ ಒಟ್ಟಿಗೆ ಸಾಧ್ಯವಾದಷ್ಟು ನಿಖರವಾಗಿ ಹಿಡಿಯುವ ಅಲೆ ಯಾವುದು ಎಂಬ ಪ್ರಶ್ನೆಗೆ ಉತ್ತರವಾಗಿ. 1980ರಲ್ಲಿ ಮಾರ್ಸೆಲ್ಯ, 1985ರಲ್ಲಿ ಎರಡು ಆಯಾಮಗಳಲ್ಲಿ ಡಾಗ್‌ಮನ್, ಇದೇ ಆಕಾರ ವಿ1 ಸರಳ ಕೋಶಗಳಿಗೆ ಹೊಂದುತ್ತದೆ ಎಂದರು. 1987ರಲ್ಲಿ ಜೋನ್ಸ್ ಮತ್ತು ಪಾಮರ್ ಬೆಕ್ಕಿನ ಕೋಶಗಳನ್ನು ಅಳೆದು ಹೊಂದಿಸಿ ತೋರಿಸಿದರು. ರೇಡಿಯೊ ಕೆಲಸದಲ್ಲಿ ದಿನವೂ ಕಾಣುತ್ತಿದ್ದ ಸೂತ್ರವನ್ನು ಕಾರ್ಟೆಕ್ಸ್‌ನ ಕೋಶದಲ್ಲಿ ನೋಡಿದಾಗ ನನಗಾದ ಬೆರಗು ಇನ್ನೂ ಇಳಿದಿಲ್ಲ. ನಾನು ಕ್ಷೇತ್ರ ಬದಲಿಸಲು ಅದೇ ಕಾರಣ.

ಗೇಬರ್‌ಗೆ ಬೇಕಾದ ಅಳತೆಗಳು ಕೆಲವೇ: ನಡುವಿನ ಎರಡು ನಿರ್ದೇಶಾಂಕ, ಕೋನ, ಪಟ್ಟೆಯ ದಪ್ಪ, ಫೇಸ್, ಎರಡು ದಿಕ್ಕಿನ ಅಗಲ. ತೇಪೆಯನ್ನು ಚಿತ್ರದ ಮೇಲಿಟ್ಟು ಪಿಕ್ಸೆಲ್‌ಗೆ ಪಿಕ್ಸೆಲ್ ಗುಣಿಸಿ ಕೂಡಿಸಿ. ಬಂದ ಸಂಖ್ಯೆ ಋಣವಾದರೆ ಸೊನ್ನೆ ಮಾಡಿ, ಏಕೆಂದರೆ ಸ್ಪೈಕ್‌ಗಳು ಋಣವಾಗಲಾರವು. ಧನವಾದರೆ 1ರಿಂದ 3ರ ನಡುವಿನ ಒಂದು ಘಾತಕ್ಕೇರಿಸಿ. ಸರಳ ಕೋಶದ ಮಾದರಿ ಮುಗಿಯಿತು. ತೇಪೆಯ ಒಟ್ಟು ಮೊತ್ತ ಸೊನ್ನೆ ಇದೆಯೇ ಎಂದು ನೋಡಿಕೊಳ್ಳಿ, ಇಲ್ಲವಾದರೆ ಅದು ಅಂಚಿನ ಬದಲು ಬರಿ ಹೊಳಪನ್ನು ಅಳೆಯತೊಡಗುತ್ತದೆ.

ಎರಡನೆಯದು ಎನರ್ಜಿ ಮಾದರಿ. 1985ರಲ್ಲಿ ಅಡೆಲ್ಸನ್ ಮತ್ತು ಬರ್ಗನ್ ಚಲನೆಯ ಗ್ರಹಿಕೆಗಾಗಿ ಇದನ್ನು ಮುಂದಿಟ್ಟರು. ಒಂದೇ ಜಾಗ, ಒಂದೇ ಕೋನದ ಎರಡು ಗೇಬರ್‌ಗಳು, ಫೇಸ್‌ನಲ್ಲಿ ಮಾತ್ರ 90 ಡಿಗ್ರಿ ವ್ಯತ್ಯಾಸ. ಎರಡರ ಉತ್ತರವನ್ನೂ ವರ್ಗ ಮಾಡಿ ಕೂಡಿಸಿ. ಶಾಲೆಯಲ್ಲಿ ಕಲಿತ ಸೈನ್ ವರ್ಗ ಕೂಡಿಸು ಕೊಸೈನ್ ವರ್ಗ ಸಮ ಒಂದು ಎಂಬುದು ಇಲ್ಲಿ ಕೆಲಸ ಮಾಡುತ್ತದೆ. ಪಟ್ಟೆ ಸರಿದರೆ ಒಂದು ಗೇಬರ್‌ನ ಉತ್ತರ ಕುಗ್ಗುತ್ತದೆ, ಇನ್ನೊಂದರದ್ದು ಹಿಗ್ಗುತ್ತದೆ, ಮೊತ್ತ ಬದಲಾಗುವುದಿಲ್ಲ. ಸಂಕೀರ್ಣ ಕೋಶದ ಜಾಗ-ಸಹನೆ ಇಷ್ಟರಿಂದಲೇ ಹುಟ್ಟಿತು.

ಮೂರನೆಯದು ನಾರ್ಮಲೈಸೇಶನ್. ಕಾಂಟ್ರಾಸ್ಟ್, ಅಂದರೆ ಕಪ್ಪು-ಬಿಳಿಯ ನಡುವಿನ ಅಂತರ, ಏರಿಸುತ್ತ ಹೋದರೆ ಕೋಶದ ಉತ್ತರ ಒಂದು ಮಟ್ಟದಲ್ಲಿ ನಿಂತುಬಿಡುತ್ತದೆ. ಕೋಶಕ್ಕೆ ಅದಕ್ಕಿಂತ ವೇಗ ಸಾಧ್ಯವಿಲ್ಲದ್ದರಿಂದ ನಿಂತಿತು ಎಂದು ಮೊದಲಿಗೆ ಅನ್ನಿಸುತ್ತದೆ. ಅದಲ್ಲ. ಕೋಶಕ್ಕೆ ಅಷ್ಟಾಗಿ ಹಿಡಿಸದ ಕೋನದ ಪಟ್ಟೆ ತೋರಿಸಿದರೆ, ಉತ್ತರ ಗರಿಷ್ಠದ ಎಷ್ಟೋ ಕೆಳಗಿರುವಾಗಲೇ, ಹೆಚ್ಚುಕಡಿಮೆ ಅದೇ ಕಾಂಟ್ರಾಸ್ಟ್‌ನಲ್ಲಿ ನಿಲ್ಲುತ್ತದೆ. ಅಂದರೆ ಮಿತಿ ಹಾಕುತ್ತಿರುವುದು ಕೋಶದ ಸ್ವಂತ ದಣಿವಲ್ಲ, ಚಿತ್ರದ ಕಾಂಟ್ರಾಸ್ಟ್. 1992ರಲ್ಲಿ ಹೀಗರ್ ಕೊಟ್ಟ ಪರಿಹಾರ: ಪ್ರತಿ ಕೋಶದ ಉತ್ತರವನ್ನು ಸುತ್ತಲಿನ ಎಲ್ಲ ಕೋನಗಳ ಕೋಶಗಳ ಒಟ್ಟು ಉತ್ತರ ಮತ್ತು ಒಂದು ಸ್ಥಿರಾಂಕದ ಮೊತ್ತದಿಂದ ಭಾಗಿಸಿ. ನೆಚ್ಚಿನ ಪಟ್ಟೆಯ ಮೇಲೆ ಅಡ್ಡಪಟ್ಟೆ ಹೊದಿಸಿದಾಗ ಉತ್ತರ ಕುಗ್ಗುವುದನ್ನೂ ಇದೇ ಭಾಗಾಕಾರ ವಿವರಿಸುತ್ತದೆ. ಒಂದೇ ಸೂತ್ರ ಎರಡು ಸಂಗತಿಗಳನ್ನು, ಅವುಗಳಿಗಾಗಿಯೇ ತಿದ್ದಿಸಿಕೊಳ್ಳದೆ, ವಿವರಿಸುವುದು ಒಳ್ಳೆಯ ಸಿದ್ಧಾಂತದ ಲಕ್ಷಣ. ಬರೆಯುವಾಗ 6 ಕೋನ, ಎರಡು-ಮೂರು ದಪ್ಪಗಳ ಎನರ್ಜಿ ಕೋಶಗಳನ್ನು ಅದೇ ಜಾಗದಲ್ಲಿ ಮತ್ತು ತುಸು ಸುತ್ತಮುತ್ತ ಕಟ್ಟಿ, ಅವುಗಳ ಮೊತ್ತವನ್ನು ಛೇದದಲ್ಲಿಡಿ.

ಮೊದಲು ಸುಳ್ಳು ಕೋಶದ ಮೇಲೆ ಪರೀಕ್ಷಿಸಿ

ನಿಜವಾದ ದತ್ತಾಂಶಕ್ಕೆ ಹೊಂದಿಸುವ ಮುನ್ನ, ನಿಮಗೆ ಗೊತ್ತಿರುವ ಅಳತೆಗಳಿಂದ ಒಂದು ಕೃತಕ ಕೋಶ ಮಾಡಿ. 40 ಡಿಗ್ರಿ ಕೋನ, ಡಿಗ್ರಿಗೆ 0.04 ಆವರ್ತ ಎಂದಿಟ್ಟುಕೊಳ್ಳಿ. ಅದೇ 118 ಚಿತ್ರ ತೋರಿಸಿ, ಪ್ರತಿಯೊಂದಕ್ಕೂ 50 ಸಲ ಪ್ವಾಸಾನ್ ಎಣಿಕೆ (ವೇರಿಯನ್ಸ್ ಸರಾಸರಿಯಷ್ಟೇ ಇರುವ ಯಾದೃಚ್ಛಿಕ ಎಣಿಕೆ) ತೆಗೆಯಿರಿ. ಈಗ ನಿಮ್ಮ ಹೊಂದಿಸುವ ಪ್ರೋಗ್ರಾಂಗೆ ಉತ್ತರ ಹೇಳದೆ ಕೊಡಿ. 40 ಡಿಗ್ರಿ ವಾಪಸ್ ಬಂತೇ? ಬರದಿದ್ದರೆ ತಪ್ಪು ಪ್ರೋಗ್ರಾಂನಲ್ಲಿದೆ, ಅಥವಾ ಇಷ್ಟು ದತ್ತಾಂಶಕ್ಕೆ ಆ ಅಳತೆಯನ್ನು ಹೇಳುವ ಶಕ್ತಿಯಿಲ್ಲ. ಎರಡೂ ಮಿದುಳಿನ ಬಗ್ಗೆ ಬರೆಯುವ ಮೊದಲೇ ಗೊತ್ತಾಗಬೇಕಾದ ವಿಷಯಗಳು. ಈ ಹೆಜ್ಜೆಯನ್ನು ಹಾರಿಸಿ ಬಂದ ವಿದ್ಯಾರ್ಥಿಗಳ ಕೆಲಸವನ್ನು ನಾನು ಮುಂದೆ ನೋಡುವುದಿಲ್ಲ, ಇದನ್ನು ಮುಗಿಸಿ ಬನ್ನಿ ಎನ್ನುತ್ತೇನೆ.

ಸ್ಪೈಕ್-ಟ್ರಿಗರ್ಡ್ ಆವರೇಜ್ ಎಂಬ ಹೆಸರುವಾಸಿ ವಿಧಾನದ ಮಿತಿಯೂ ಇಲ್ಲಿಯೇ ಕಣ್ಣಿಗೆ ಕಾಣುತ್ತದೆ. ಯಾದೃಚ್ಛಿಕ ಚುಕ್ಕಿಗಳನ್ನು ತೋರಿಸುತ್ತ, ಸ್ಪೈಕ್ ಬಂದಾಗಲೆಲ್ಲ ಅದಕ್ಕೆ ಮುಂಚಿನ ಚಿತ್ರವನ್ನು ಕೂಡಿಸಿ ಸರಾಸರಿ ತೆಗೆದರೆ ಸರಳ ಕೋಶದ ಫಿಲ್ಟರ್ ಚೆನ್ನಾಗಿ ಮೂಡುತ್ತದೆ. ಕೃತಕ ಎನರ್ಜಿ ಕೋಶಕ್ಕೆ ಇದೇ ಮಾಡಿ ನೋಡಿ, ಬರುವುದು ಹೆಚ್ಚುಕಡಿಮೆ ಖಾಲಿ ಬೂದು. ಬಿಳಿ ಗೆರೆಗೂ ಕಪ್ಪು ಗೆರೆಗೂ ಅದು ಒಂದೇ ರೀತಿ ಉತ್ತರಿಸುವುದರಿಂದ ಸರಾಸರಿಯಲ್ಲಿ ಎರಡೂ ಒಂದನ್ನೊಂದು ಅಳಿಸುತ್ತವೆ. ಅಂಥಲ್ಲಿ ಸರಾಸರಿಯ ಬದಲು ಕೋವೇರಿಯನ್ಸ್, ಅಂದರೆ ಪಿಕ್ಸೆಲ್‌ಗಳು ಜೊತೆಜೊತೆಯಾಗಿ ಹೇಗೆ ಬದಲಾಗುತ್ತವೆ ಎಂಬುದನ್ನು, ನೋಡಬೇಕಾಗುತ್ತದೆ.

ಹೊಂದಿಸುವುದು

ನಿಮ್ಮಲ್ಲಿರುವುದು 118 ಚಿತ್ರ. ಪಿಕ್ಸೆಲ್‌ಗಳು 43,000ಕ್ಕೂ ಹೆಚ್ಚು. ಪ್ರತಿ ಪಿಕ್ಸೆಲ್‌ಗೂ ಒಂದು ತೂಕ ಕಲಿಸಲು ಹೊರಟರೆ ಮಾದರಿ ಎಲ್ಲವನ್ನೂ ಬಾಯಿಪಾಠ ಮಾಡುತ್ತದೆ, ಏನನ್ನೂ ಕಲಿಯುವುದಿಲ್ಲ. ಆದ್ದರಿಂದ ಕೋನ, ದಪ್ಪ, ಫೇಸ್‌ಗಳನ್ನು ಸ್ಥಿರ ಪಟ್ಟೆಗಳಿಂದ, ಜಾಗ ಮತ್ತು ಅಗಲವನ್ನು 9×9 ತೇಪೆಗಳಿಂದ ನಿಶ್ಚಯಿಸಿ. ನೈಸರ್ಗಿಕ ಚಿತ್ರಗಳಿಂದ ಕಲಿಯುವುದಕ್ಕೆ ಮೂರು-ನಾಲ್ಕು ಸಂಖ್ಯೆಗಳನ್ನು ಮಾತ್ರ ಬಿಡಿ: ಒಟ್ಟು ಏರಿಕೆ, ತಳಮಟ್ಟ, ಘಾತ, ಛೇದದ ಸ್ಥಿರಾಂಕ. ಈ ಬಗೆಯ ಸೆಷನ್‌ಗಳಲ್ಲಿ ಪಟ್ಟೆಗಳ ಕಾಂಟ್ರಾಸ್ಟ್ ಒಂದೇ ಆಗಿರುವುದರಿಂದ ಛೇದದ ಸ್ಥಿರಾಂಕವನ್ನು ಅವುಗಳಿಂದ ಕಂಡುಹಿಡಿಯಲು ಆಗುವುದಿಲ್ಲ, ನೈಸರ್ಗಿಕ ಚಿತ್ರಗಳೇ ಹೇಳಬೇಕು.

ತಪ್ಪಿನ ವರ್ಗಕ್ಕಿಂತ ಪ್ವಾಸಾನ್ ಲೈಕ್ಲಿಹುಡ್ (ಮಾದರಿ ಸರಿಯೆಂದಾದರೆ ಈ ಎಣಿಕೆಗಳು ಬರುವ ಸಂಭವ ಎಷ್ಟು ಎಂಬ ಅಳತೆ) ಬಳಸುವುದು ಉತ್ತಮ. ಹೆಚ್ಚು ಸ್ಪೈಕ್ ಇರುವಲ್ಲಿ ಅಲುಗಾಟವೂ ಹೆಚ್ಚು ಎಂಬುದನ್ನು ಅದು ಲೆಕ್ಕಕ್ಕೆ ಹಿಡಿಯುತ್ತದೆ. ಗೇಬರ್‌ನ ಅಳತೆಗಳನ್ನು ಹುಡುಕುವಾಗ ಆಪ್ಟಿಮೈಸರ್ (ಅತ್ಯುತ್ತಮ ಅಳತೆ ಹುಡುಕುವ ಪ್ರೋಗ್ರಾಂ) ಎಲ್ಲೆಂದರಲ್ಲಿ ಸಣ್ಣ ಗುಂಡಿಗಳಲ್ಲಿ ಸಿಕ್ಕಿಬೀಳುತ್ತದೆ. ಹಲವು ಆರಂಭಗಳಿಂದ ಓಡಿಸಿ, ಅತ್ಯುತ್ತಮವಾದದ್ದನ್ನು ಆರಿಸಿ.

ಶುರುವಿನಲ್ಲೇ 18 ಚಿತ್ರಗಳನ್ನು ತೆಗೆದು ಬೀಗ ಹಾಕಿ. ಉಳಿದ 100ರಲ್ಲಿ ಹತ್ತು ಹತ್ತರಂತೆ ಹೊರಗಿಟ್ಟು ಪರೀಕ್ಷಿಸುತ್ತ ಮಾದರಿ ತಿದ್ದಿ. ಗಮನಿಸಿ, ಹೊರಗಿಡಬೇಕಾದದ್ದು ಚಿತ್ರಗಳನ್ನು, ಪ್ರದರ್ಶನಗಳನ್ನಲ್ಲ. ಒಂದು ಚಿತ್ರದ 40 ಪ್ರದರ್ಶನಗಳಲ್ಲಿ ಕಲಿತು ಅದೇ ಚಿತ್ರದ ಉಳಿದ 10ರಲ್ಲಿ ಪರೀಕ್ಷಿಸಿದರೆ ಅಂಕ ಚೆನ್ನಾಗಿಯೇ ಬರುತ್ತದೆ, ಆದರೆ ಅದು ಕಂಡ ಪ್ರಶ್ನೆಗೇ ಉತ್ತರ.

ಎದುರಾಳಿಯಿಲ್ಲದೆ ಗೆಲುವಿಲ್ಲ

ನಿಮ್ಮ ಮಾದರಿಯ ಪಕ್ಕದಲ್ಲಿ ಒಂದು ದಡ್ಡ ಮಾದರಿಯನ್ನು ಯಾವಾಗಲೂ ನಿಲ್ಲಿಸಿ. ನನ್ನ ಆಯ್ಕೆ: ರಿಸೆಪ್ಟಿವ್ ಫೀಲ್ಡ್ ಒಳಗಿನ ಪಿಕ್ಸೆಲ್‌ಗಳ ಸ್ಟ್ಯಾಂಡರ್ಡ್ ಡೀವಿಯೇಶನ್. ಕೋನ ಇಲ್ಲ, ಪಟ್ಟೆ ಇಲ್ಲ, ಆ ಜಾಗದಲ್ಲಿ ಎಷ್ಟು ಕಾಂಟ್ರಾಸ್ಟ್ ಇದೆ ಎಂಬ ಒಂದೇ ಸಂಖ್ಯೆ. ಎಷ್ಟೋ ಕೋಶಗಳಲ್ಲಿ ಇದೊಂದೇ ಆಶ್ಚರ್ಯವಾಗುವಷ್ಟು ದೂರ ಹೋಗುತ್ತದೆ. ನಿಮ್ಮ ಎನರ್ಜಿ ಮಾದರಿ 0.52, ಕಾಂಟ್ರಾಸ್ಟ್ ಒಂದೇ 0.49 ಎಂದಾದರೆ, ‘ಈ ಕೋಶ ನೈಸರ್ಗಿಕ ಚಿತ್ರಗಳಲ್ಲಿ ಕೋನ ಹುಡುಕುತ್ತಿದೆ’ ಎಂದು ಬರೆಯಲು ನಿಮ್ಮಲ್ಲಿ ಆಧಾರವಿಲ್ಲ. ಬೀಗ ತೆಗೆದ 18 ಚಿತ್ರಗಳ ಮೇಲೆ ಒಂದು ಕೋಶದ ಕೋರಿಲೇಶನ್ ಬಹಳ ಅಲುಗಾಡುತ್ತದೆ. ಬೂಟ್‌ಸ್ಟ್ರಾಪ್ ಮಾಡಿ (ಅವೇ ಚಿತ್ರಗಳಿಂದ ಮತ್ತೆಮತ್ತೆ ಚೀಟಿ ಎತ್ತಿ ಲೆಕ್ಕ ಹಾಕಿ) ಅದರ ಹರವನ್ನೂ ಬರೆಯಿರಿ. ಆಮೇಲೆ ಅದೇ ಪ್ರೋಗ್ರಾಂ ಅನ್ನು ಒಂದಕ್ಷರ ಬದಲಿಸದೆ ಸೆಷನ್‌ನ ಉಳಿದೆಲ್ಲ ವಿ1 ಕೋಶಗಳ ಮೇಲೆ ಓಡಿಸಿ. ಯಾವ ಮಾದರಿ ಮೇಲು ಎಂಬುದು ಆಗ ನೆಚ್ಚುವಷ್ಟು ಸ್ಪಷ್ಟವಾಗುತ್ತದೆ.

ಅಂಕಗಳು ಕಡಿಮೆ ಬಂದರೆ ನಿರಾಶೆ ಬೇಡ. ವಿ1 ಬಗ್ಗೆ ನಮಗೆ ತಿಳಿದಿರುವುದು ಶೇ. 15ರಷ್ಟು ಇರಬಹುದು ಎಂದು 2005ರಲ್ಲಿ ಓಲ್ಸ್‌ಹೌಸನ್ ಮತ್ತು ಫೀಲ್ಡ್ ಅಂದಾಜು ಮಾಡಿದರು. ಅವರು ಹಾಗೆ ಲೆಕ್ಕ ಹಾಕಲು ಒಂದು ಕಾರಣ, ಎಲೆಕ್ಟ್ರೋಡ್‌ಗೆ ಸುಲಭವಾಗಿ ಸಿಗುವ ಜೋರು ಕೋಶಗಳನ್ನೇ ನಾವು ಹೆಚ್ಚು ಓದಿದ್ದೇವೆ ಎಂಬುದು. ಮೇಲೆ ಬಿಟ್ಟ ಕೋಶಗಳ ಲೆಕ್ಕ ಇಡಿ ಎಂದದ್ದು ಇದಕ್ಕೇ.

ಉಳಿದದ್ದು ಎಲ್ಲಿ ಹೋಯಿತು ಎಂದು ಹುಡುಕಲು ಒಂದು ಒಳ್ಳೆಯ ಜಾಗ ಇಲಿಯ ಕಾಲು. ಈ ಪ್ರಯೋಗಗಳಲ್ಲಿ ಇಲಿ ತಿರುಗುವ ತಟ್ಟೆಯ ಮೇಲೆ ನಿಂತಿರುತ್ತದೆ, ಬೇಕಾದಾಗ ಓಡುತ್ತದೆ. ಓಡುವಾಗ ವಿ1ರ ದೃಷ್ಟಿ ಉತ್ತರಗಳು ಹೆಚ್ಚುತ್ತವೆ ಎಂದು 2010ರಲ್ಲಿ ನೀಲ್ ಮತ್ತು ಸ್ಟ್ರೈಕರ್ ತೋರಿಸಿದರು. ಓಟದ ವೇಗ ದತ್ತಾಂಶದಲ್ಲಿದೆ. ಓಡುತ್ತಿದ್ದ ಮತ್ತು ನಿಂತಿದ್ದ ಪ್ರದರ್ಶನಗಳನ್ನು ಬೇರೆ ಮಾಡಿ, ಮಾದರಿಯ ಏರಿಕೆಯನ್ನು ಎರಡಕ್ಕೂ ಪ್ರತ್ಯೇಕವಾಗಿ ಹೊಂದಿಸಿ. ‘ನಾಯ್ಸ್’ ಎಂದು ಬದಿಗಿಟ್ಟಿದ್ದರಲ್ಲಿ ಒಂದು ಭಾಗ ಪ್ರಾಣಿಯ ಸ್ಥಿತಿಯಾಗಿತ್ತು ಎಂದು ನಿಮಗೇ ಕಾಣುತ್ತದೆ.

ಆಮೇಲೆ ದೊಡ್ಡ ನೆಟ್‌ವರ್ಕ್

ಸರಳ ಮತ್ತು ಸಂಕೀರ್ಣ ಕೋಶಗಳ ಪದರಗಳನ್ನು ಒಂದರ ಮೇಲೊಂದು ಪೇರಿಸುವ ಯೋಚನೆ 1980ರ ಫುಕುಶಿಮಾ ಅವರ ನಿಯೋಕಾಗ್ನಿಟ್ರಾನ್‌ನಲ್ಲಿತ್ತು, 1999ರಲ್ಲಿ ರೀಸೆನ್‌ಹ್ಯೂಬರ್ ಮತ್ತು ಪೊಗ್ಗಿಯೊ ಅದನ್ನು ಮಿದುಳಿನ ದೃಷ್ಟಿಮಾರ್ಗಕ್ಕೆ ಹೊಂದಿಸಿದರು. ವಸ್ತು ಗುರುತಿಸಲು ಚೆನ್ನಾಗಿ ಕಲಿತ ನೆಟ್‌ವರ್ಕ್‌ಗಳ ಮೇಲಿನ ಪದರಗಳು ಕೋತಿಯ ಐಟಿ ಕಾರ್ಟೆಕ್ಸ್‌ನ (ವಸ್ತು ಗುರುತಿಸುವ ಮೇಲ್ಹಂತದ ದೃಷ್ಟಿ ಪ್ರದೇಶ) ಉತ್ತರಗಳನ್ನು ಚೆನ್ನಾಗಿ ಊಹಿಸುತ್ತವೆ ಎಂದು 2014ರಲ್ಲಿ ಯಾಮಿನ್ಸ್ ಮತ್ತು ಸಂಗಡಿಗರು ತೋರಿಸಿದರು.

ಈಗ ನೀವು ಅಂಥದ್ದನ್ನು ತಂದು ಅದೇ ಕೋಶದ ಮೇಲೆ ಪರೀಕ್ಷಿಸಬಹುದು. ಕಲಿತ ನೆಟ್‌ವರ್ಕ್‌ನ ಒಂದು ಕೆಳಪದರದಿಂದ ರಿಸೆಪ್ಟಿವ್ ಫೀಲ್ಡ್ ಜಾಗದ ಲಕ್ಷಣಗಳನ್ನು ತೆಗೆದು, ಪ್ರಿನ್ಸಿಪಲ್ ಕಾಂಪೊನೆಂಟ್‌ಗಳಿಗೆ (ಹೆಚ್ಚು ಬದಲಾಗುವ ಕೆಲವೇ ದಿಕ್ಕುಗಳು) ಇಳಿಸಿ, ತೂಕಗಳನ್ನು ಹದ್ದುಬಸ್ತಿನಲ್ಲಿಡುವ ರಿಡ್ಜ್ ರಿಗ್ರೆಶನ್‌ನಿಂದ ಸರಾಸರಿ ಎಣಿಕೆಗೆ ಹೊಂದಿಸಿ. ಎಷ್ಟು ಕಾಂಪೊನೆಂಟ್, ಎಷ್ಟು ರಿಡ್ಜ್ ಎಂಬುದನ್ನು 100 ಚಿತ್ರಗಳ ಒಳಗೇ ತೀರ್ಮಾನಿಸಿ. ಅದೇ 18 ಚಿತ್ರ, ಅದೇ ಸೀಲಿಂಗ್, ಪಕ್ಕದಲ್ಲಿ ಅದೇ ದಡ್ಡ ಕಾಂಟ್ರಾಸ್ಟ್ ಮಾದರಿ. ನೆಟ್‌ವರ್ಕ್ ಗೆದ್ದರೆ ಮುಂದಿನ ಕೆಲಸ ಅದು ಏನನ್ನು ಹಿಡಿದದ್ದರಿಂದ ಗೆದ್ದಿತು ಎಂದು ಹುಡುಕುವುದು: ಯಾವ ಚಿತ್ರಗಳಲ್ಲಿ ಎನರ್ಜಿ ಮಾದರಿ ಸೋತು ನೆಟ್‌ವರ್ಕ್ ಸರಿಯಾಯಿತೋ ಅವನ್ನು ಸಾಲಾಗಿ ಇಟ್ಟು ನೋಡಿ. ಮೂಲೆಗಳೇ? ವಕ್ರರೇಖೆಗಳೇ? ಒಂದು ಬದಿಯಲ್ಲಿ ಒಂದು ವಿನ್ಯಾಸ, ಮತ್ತೊಂದು ಬದಿಯಲ್ಲಿ ಇನ್ನೊಂದು ಇರುವ ಅಂಚುಗಳೇ? ಕಂಡದ್ದನ್ನು ನಾಲ್ಕನೆಯ ಮೆಟ್ಟಿಲಾಗಿ ನಿಮ್ಮ ಸಣ್ಣ ಮಾದರಿಗೆ ಸೇರಿಸಿ. ಆದರೆ ಆ 18 ಚಿತ್ರಗಳನ್ನು ನೀವೀಗ ನೋಡಿಯಾಗಿದೆ. ಹೊಸ ಮೆಟ್ಟಿಲಿನ ಪರೀಕ್ಷೆಗೆ ಬೇರೊಂದು ಇಲಿಯ ಸೆಷನ್ ತೆಗೆದುಕೊಳ್ಳಿ, ಚಿತ್ರಗಳನ್ನು ಹೊಸದಾಗಿ ಚೀಟಿ ಎತ್ತಿ ಬೀಗ ಹಾಕಿ, ಮತ್ತು ಯಾವ ಸೆಷನ್, ಯಾವ ಕೋಶ, ಯಾವ 18 ಚಿತ್ರ, ಯಾವ ರ‍್ಯಾಂಡಮ್ ಸೀಡ್ (ಅದೇ ಯಾದೃಚ್ಛಿಕ ಆಯ್ಕೆ ಮತ್ತೆ ಬರುವಂತೆ ಕೊಡುವ ಆರಂಭ ಸಂಖ್ಯೆ) ಎಂಬುದನ್ನು ಪ್ರೋಗ್ರಾಂ ಜೊತೆಗೇ ಒಂದು ಕಡತದಲ್ಲಿ ಬರೆದಿಟ್ಟು ಅದನ್ನೂ ಮುಕ್ತವಾಗಿ ಹಂಚಿ.